ನಕ್ಷೆ ಬರೆದವರು ನಾವು, ಆಜ್ಞೆ ಬರೆದದ್ದು ಯಂತ್ರ

ಬಾರಾಮತಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಬ್ಬಿನ ಗದ್ದೆ, ಕರ್ಹಾ ನದಿ, ನೀರಾ ಎಡದಂಡೆಯ ಕಾಲುವೆ. ಸಾಹಿತ್ಯಾಭಿಮಾನಿಗಳಾದರೆ ಇಲ್ಲಿ ಬಾಳಿದ ಮರಾಠಿಯ ಪಂಡಿತಕವಿ ಮೋರೋಪಂತರನ್ನೂ ನೆನೆದಾರು. ಹೊಟ್ಟೆಪಾಡಿಗೆಂದೋ ವಿದ್ಯೆಗೆಂದೋ ಇಲ್ಲಿಗೆ ಬಂದು ನೆಲೆನಿಂತ ನಮ್ಮಂಥ ಕನ್ನಡ ಕುಟುಂಬಗಳಿಗೆ ಇವುಗಳ ಜೊತೆಗೆ ಇನ್ನೊಂದು ನೋಟವೂ ನಿತ್ಯದ್ದಾಗಿದೆ. ಅದು ಕೈಗಾರಿಕಾ ವಸಾಹತಿನಲ್ಲಿ ಪಾಳಿ ಬಿಡುವ ಹೊತ್ತು. ಇಟಲಿಯ ಪಿಯಾಜಿಯೋ ಕಂಪನಿಯ ಮೂರು ಗಾಲಿಯ ‘ಆಪೆ’ ಗಾಡಿಗಳೂ, ೨೦೧೨ರಿಂದೀಚೆಗೆ ‘ವೆಸ್ಪಾ’ ಸ್ಕೂಟರುಗಳೂ ನಮ್ಮ ಈ ಊರಿನಲ್ಲೇ ತಯಾರಾಗುತ್ತಿವೆ. ನಮ್ಮ ಮನೆಗಳ ಅನೇಕ ಹುಡುಗ ಹುಡುಗಿಯರು ಇಂಜಿನಿಯರಿಂಗ್ ಓದುತ್ತಿದ್ದಾರೆ. ಓದು ಮುಗಿಸಿದವರು ಪುಣೆಯ ಹಿಂಜವಡಿಯ ದಾರಿ ಹಿಡಿದಿದ್ದಾರೆ. ಅವರಲ್ಲಿ ಕೆಲವರನ್ನು “ಏನು ಕೆಲಸ ಮಾಡುತ್ತೀಯಪ್ಪ?” ಎಂದು ಕೇಳಿದರೆ, “ಮಾಡೆಲ್ ಬರೆಯುತ್ತೇವೆ, ಕೋಡನ್ನು ಯಂತ್ರವೇ ಬರೆದುಕೊಳ್ಳುತ್ತದೆ” ಎನ್ನುತ್ತಾರೆ. ಕೇಳಿದ ಹಿರಿಯರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಈ ಮಾತಿನ ಒಳಗೇನಿದೆಯೆಂಬುದನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ಯಂತ್ರದ ಒಡಲಿನ ಗಣಕ

ವೆಸ್ಪಾ ಹುಟ್ಟಿದ್ದು ೧೯೪೬ರಲ್ಲಿ. ಅಂದಿನ ಸ್ಕೂಟರಿನಲ್ಲಿ ಕಣ್ಣಿಗೆ ಕಾಣದ ಗುಟ್ಟೆಂಬುದೇ ಇರಲಿಲ್ಲ. ಹಿಡಿಕೆ ತಿರುಗಿಸಿದರೆ ತಂತಿ ಎಳೆಯುತ್ತಿತ್ತು, ತಂತಿ ಎಳೆದರೆ ಕಾರ್ಬುರೇಟರಿನ ಬಾಯಿ ತೆರೆಯುತ್ತಿತ್ತು. ಇಂದಿನ ಸಂಗತಿ ಬೇರೆ. ೨೦೨೦ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ಆರರ ಹೊಗೆ ನಿಯಮ ಜಾರಿಗೆ ಬಂದಿತು. ಅದರೊಡನೆ ಬಹುಪಾಲು ದ್ವಿಚಕ್ರ ವಾಹನಗಳಲ್ಲಿ ಕಾರ್ಬುರೇಟರು ಹೋಗಿ, ಹನಿ ಹನಿಯಾಗಿ ಲೆಕ್ಕ ಹಾಕಿ ಪೆಟ್ರೋಲು ಸಿಂಪಡಿಸುವ ವ್ಯವಸ್ಥೆ ಬಂದಿತು. ಅದಕ್ಕೆ ಒಂದು ವರ್ಷ ಮುಂಚೆ, ೨೦೧೯ರ ಏಪ್ರಿಲಿನಿಂದ, ೧೨೫ ಸಿ.ಸಿ.ಗಿಂತ ಹೆಚ್ಚಿನ ಬಲದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಚಕ್ರ ಜಾರದಂತೆ ತಡೆಯುವ ಬ್ರೇಕು, ಅಂದರೆ ಎ.ಬಿ.ಎಸ್., ಕಡ್ಡಾಯವಾಗಿತ್ತು. ಈ ಎರಡನ್ನೂ ನಡೆಸುವುದು ಗಾಡಿಯ ಒಡಲಲ್ಲಿ ಹುದುಗಿರುವ ಪುಟ್ಟ ಗಣಕಯಂತ್ರಗಳು.

ಈ ಗಣಕಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ನಾವು ಅದಕ್ಕೆ ಏನನ್ನೂ ಹೇಳುವುದಿಲ್ಲ, ಅದೂ ನಮಗೆ ಏನನ್ನೂ ತೋರಿಸುವುದಿಲ್ಲ. ಆದರೆ ಅದರ ಕೆಲಸದ ಕಟ್ಟುನಿಟ್ಟು ನಮ್ಮ ಮೇಜಿನ ಮೇಲಿನ ಗಣಕಕ್ಕೆ ಎಂದೂ ಇಲ್ಲ. ಉದಾಹರಣೆಗೆ ಬ್ರೇಕನ್ನೇ ನೋಡೋಣ. ಚಕ್ರದ ಬಳಿ ಒಂದು ಹಲ್ಲಿನ ಬಳೆಯುಂಟು. ಅದರ ಹಲ್ಲುಗಳು ಎಷ್ಟು ಬೇಗ ಹಾದುಹೋಗುತ್ತಿವೆಯೆಂಬುದನ್ನು ಗಣಕ ಎಣಿಸುತ್ತದೆ. ಸವಾರನು ಗಾಬರಿಯಿಂದ ಬ್ರೇಕು ಒತ್ತಿದಾಗ ಚಕ್ರವು ಗಾಡಿಗಿಂತ ಬಹಳ ಬೇಗ ನಿಲ್ಲತೊಡಗಿದರೆ, ಅದು ಜಾರುವ ಲಕ್ಷಣವೆಂದು ತಿಳಿದು ಗಣಕವು ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಒಂದೇ ಸೆಕೆಂಡಿನಲ್ಲಿ ಹೀಗೆ ಹಲವು ಸಲ.

ಗಾಡಿ ಗಂಟೆಗೆ ೫೪ ಕಿಲೋಮೀಟರು ವೇಗದಲ್ಲಿದೆಯೆನ್ನಿ. ಅಂದರೆ ಸೆಕೆಂಡಿಗೆ ೧೫ ಮೀಟರು. ಗಣಕವು ೫ ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟರೆ ಅಷ್ಟರಲ್ಲಿ ಗಾಡಿ ಏಳೂವರೆ ಸೆಂಟಿಮೀಟರು ಮುಂದೆ ಹೋಗಿರುತ್ತದೆ. ಅದೇ ಉತ್ತರ ೧೦೦ ಮಿಲಿಸೆಕೆಂಡು ತಡವಾದರೆ ಒಂದೂವರೆ ಮೀಟರು! ಉತ್ತರ ಸರಿಯೇ ಇದ್ದರೂ ಫಲವೇನು? ತಡವಾಗಿ ಬಂದ ಸರಿಯುತ್ತರವು ಇಲ್ಲಿ ತಪ್ಪು ಉತ್ತರಕ್ಕೆ ಸಮಾನ. ಹುದುಗಿದ ಗಣಕಗಳ ವಿಷಯದಲ್ಲಿ ಮೊದಲು ನೆನಪಿಡಬೇಕಾದ ಸೂತ್ರ ಇದು.

ನಕ್ಷೆ ಮೊದಲು, ಆಜ್ಞೆ ಆಮೇಲೆ

ಗಣಕವು ಮಾಡಬೇಕಾದುದನ್ನೆಲ್ಲ ಸಾಲು ಸಾಲಾಗಿ ಬರೆದಿಡುವ ಆಜ್ಞೆಗಳ ಮಾಲೆಗೆ ಪ್ರೋಗ್ರಾಂ ಎಂದು ಹೆಸರು. ಮೊದಲು ಇದನ್ನು ಮನುಷ್ಯರೇ ಅಕ್ಷರಕ್ಷರವಾಗಿ ಬರೆಯುತ್ತಿದ್ದರು. ಬ್ರೇಕಿನ ಶಾಸ್ತ್ರ ಬಲ್ಲ ಇಂಜಿನಿಯರು ಕಾಗದದ ಮೇಲೆ ತನಗೆ ಬೇಕಾದುದನ್ನು ವಿವರಿಸುತ್ತಿದ್ದ. ಬ್ರೇಕನ್ನು ಎಂದೂ ಬಿಚ್ಚಿ ನೋಡದ ಪ್ರೋಗ್ರಾಂಕಾರನು ಅದನ್ನು ಓದಿ ತನಗೆ ತಿಳಿದಂತೆ ಬರೆಯುತ್ತಿದ್ದ. ಒಬ್ಬರ ಮಾತನ್ನು ಇನ್ನೊಬ್ಬರು ತರ್ಜುಮೆ ಮಾಡುವಾಗ ಏನಾಗುತ್ತದೆಂಬುದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷು ಆಡುವ ನಮಗೆ ಹೇಳಬೇಕಾದುದಿಲ್ಲ.

ಈ ತರ್ಜುಮೆಯ ತೊಡಕನ್ನು ನೇಕಾರರು ಬಹು ಹಿಂದೆಯೇ ಬಿಡಿಸಿಕೊಂಡಿದ್ದರು. ಜಕಾರ್ಡ್ ಮಗ್ಗದ ಸೆರಗಿನ ಹೂವನ್ನು ಚಿತ್ರಗಾರನು ಚೌಕುಳಿ ಕಾಗದದ ಮೇಲೆ ಬರೆಯುತ್ತಾನೆ. ಆ ಚೌಕಗಳಿಗೆ ಸರಿಯಾಗಿ ರಟ್ಟಿನ ಪಟ್ಟಿಗಳಲ್ಲಿ ತೂತು ಬೀಳುತ್ತದೆ. ತೂತು ಇದ್ದಂತೆ ಮಗ್ಗ ಎಳೆಯನ್ನೆತ್ತುತ್ತದೆ. ಹೂವು ಬರೆದವನು ಎಳೆಗಳನ್ನು ಒಂದೊಂದಾಗಿ ಎಣಿಸಿ ಎತ್ತುವ ಗೊಡವೆಗೆ ಹೋಗುವುದಿಲ್ಲ. ಗಣಕದ ಲೋಕದಲ್ಲಿಯೂ ಈಗ ಹೀಗೆಯೇ ನಡೆದಿದೆ. ಇಂಜಿನಿಯರು ಚೌಕಗಳನ್ನೂ ಬಾಣಗಳನ್ನೂ ಬಳಸಿ ಒಂದು ನಕ್ಷೆ ಬರೆಯುತ್ತಾನೆ. ಈ ಚೌಕ ಚಕ್ರದ ವೇಗ ಅಳೆಯುವುದು, ಅದು ಹೋಲಿಸುವುದು, ಮತ್ತೊಂದು ಒತ್ತಡ ಸಡಿಲಿಸುವುದು. ಇದಕ್ಕೆ ಮಾಡೆಲ್, ಅಂದರೆ ಮಾದರಿ, ಎನ್ನುತ್ತಾರೆ. ಮಾದರಿಯನ್ನು ಮೊದಲು ಗಣಕದ ಮೇಲೆಯೇ ಓಡಿಸಿ ನೋಡಬಹುದು. ಒದ್ದೆ ರಸ್ತೆ, ಮರಳು ರಸ್ತೆ, ಹಿಂದೆ ಕೂತವರ ಭಾರ ಇವನ್ನೆಲ್ಲ ಊಹಿಸಿ ಪರೀಕ್ಷಿಸಬಹುದು. ಸರಿಯೆನಿಸಿದ ಮೇಲೆ ಕೋಡ್ ಜನರೇಟರ್ ಎಂಬ ಇನ್ನೊಂದು ಸಾಧನವು ಆ ನಕ್ಷೆಯನ್ನು ಓದಿ ಸಾವಿರಾರು ಸಾಲಿನ ಆಜ್ಞೆಗಳನ್ನು ತಾನೇ ಬರೆದುಕೊಡುತ್ತದೆ.

ಅಮೆರಿಕದ ಮ್ಯಾಥ್‌ವರ್ಕ್ಸ್ ಸಂಸ್ಥೆಯ ‘ಸಿಮುಲಿಂಕ್’ ಈ ಬಗೆಯ ಸಾಧನಗಳಲ್ಲಿ ಬಹಳ ಬಳಕೆಯಲ್ಲಿರುವುದು. ನಮ್ಮ ಮಕ್ಕಳಲ್ಲಿ ಅನೇಕರು ಕಾಲೇಜಿನಲ್ಲಿಯೇ ಇದನ್ನು ಕಲಿಯುತ್ತಾರೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ೧೯೮೦ರ ದಶಕದಲ್ಲಿ ಪಾಲ್ ಕಾಸ್ಪಿ, ನಿಕೋಲಾ ಹಾಲ್ಬ್‌ವಾಕ್ಸ್ ಎಂಬಿಬ್ಬರು ‘ಲಸ್ಟರ್’ ಎಂಬ ಭಾಷೆಯನ್ನು ರೂಪಿಸಿದರು. ಅದರಿಂದ ಬೆಳೆದ ‘ಸ್ಕೇಡ್’ ಎಂಬ ಸಾಧನವನ್ನು ಏರ್‌ಬಸ್ ವಿಮಾನಗಳಲ್ಲಿ ಬಳಸಿದ್ದಾರೆ. ನೂರಾರು ಪ್ರಯಾಣಿಕರನ್ನು ಹೊತ್ತ ವಿಮಾನದ ಆಜ್ಞೆಯನ್ನು ಯಂತ್ರ ಬರೆಯಬಹುದೆಂದರೆ, ಆ ಬರೆಯುವ ಯಂತ್ರವನ್ನು ಎಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹೋಳಿಗೆಯ ಗಣಿತ

ಇಷ್ಟರಲ್ಲೇ ಕಥೆ ಮುಗಿಯುವುದಾಗಿದ್ದರೆ ಚೆನ್ನಾಗಿತ್ತು. ಆದರೆ ೨೦೦೫ರ ಸುಮಾರಿಗೆ ಗಣಕದ ಚಿಪ್ಪುಗಳನ್ನು ಇನ್ನೂ ವೇಗವಾಗಿ ಓಡಿಸಹೋದರೆ ತಡೆಯಲಾರದಷ್ಟು ಬಿಸಿಯಾಗತೊಡಗಿದವು. ತಯಾರಕರು ಉಪಾಯ ಬದಲಿಸಿದರು. ಒಂದು ಮಿದುಳನ್ನು ಇನ್ನಷ್ಟು ಓಡಿಸುವ ಬದಲು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಮಿದುಳುಗಳನ್ನು ಕೂಡಿಸಿದರು. ಇವಕ್ಕೆ ‘ಕೋರ್’ ಎನ್ನುತ್ತಾರೆ. ಇಂದು ವಾಹನಗಳ ಒಡಲಿನ ಗಣಕಗಳಲ್ಲಿಯೂ ಹಲವು ಕೋರುಗಳಿವೆ. ಹೀಗೆ ಹಲವು ಕೋರುಗಳು ಏಕಕಾಲಕ್ಕೆ ದುಡಿಯುವುದೇ ಸಮಾಂತರ ಗಣನೆ. ಕೆಲಸವನ್ನು ಅವುಗಳಿಗೆ ಹಂಚುವುದು ಹೇಗೆ? ಇದನ್ನು ತಿಳಿಯಲು ನಮ್ಮ ಅಡುಗೆಮನೆಗಿಂತ ಉತ್ತಮ ಪಾಠಶಾಲೆಯಿಲ್ಲ.

ಯುಗಾದಿಗೆ ಹೂರಣದ ಹೋಳಿಗೆ ಮಾಡಬೇಕಾಗಿದೆಯೆನ್ನಿ. ಒಂದು ಸಲ ಕಣಕ ನಾದಿ ಉಂಡೆ ಕಟ್ಟಿದರೆ ೧೨ ಉಂಡೆಗಳಾಗುತ್ತವೆ. ಅದಕ್ಕೆ ೧೨ ನಿಮಿಷ. ಹೂರಣ ತುಂಬಿ ಲಟ್ಟಿಸುವವರು ಸಲಕ್ಕೆ ೩ ಉಂಡೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ೩ ನಿಮಿಷ. ಹಂಚಿನ ಮೇಲೆ ಸಲಕ್ಕೆ ೨ ಹೋಳಿಗೆ. ಅದಕ್ಕೆ ೪ ನಿಮಿಷ. ಹಾಗಾದರೆ ಒಂದು ಸುತ್ತಿನಲ್ಲಿ ನಾದುವುದು ೧ ಸಲ, ಲಟ್ಟಿಸುವುದು ೪ ಸಲ, ಬೇಯಿಸುವುದು ೬ ಸಲ. ಆಗ ನಡುವೆ ಉಂಡೆ ಉಳಿಯುವುದೂ ಇಲ್ಲ, ಸಾಲದೆ ಬರುವುದೂ ಇಲ್ಲ. ತಟ್ಟೆ ಎಷ್ಟು ದೊಡ್ಡದಿರಬೇಕೆಂಬುದನ್ನೂ ಒಲೆ ಹೊತ್ತಿಸುವ ಮುಂಚೆಯೇ ಹೇಳಬಹುದು.

ಒಬ್ಬರೇ ಎಲ್ಲ ಮಾಡಿದರೆ ಡಜನ್ನಿಗೆ ೧೨, ೧೨, ೨೪ ಸೇರಿ ೪೮ ನಿಮಿಷ. ಮೂವರು ನಿಂತು ಒಬ್ಬೊಬ್ಬರು ಒಂದೊಂದು ಕೆಲಸ ಹಿಡಿದರೆ? ಹದಿನಾರು ನಿಮಿಷವೆಂದು ಹೇಳುವವರು ಅವಸರ ಮಾಡಿದರು. ಹಂಚಿಗೆ ೨೪ ನಿಮಿಷ ಬೇಕೇ ಬೇಕು. ಆದ್ದರಿಂದ ಡಜನ್ನಿಗೆ ೨೪ ನಿಮಿಷ. ಇಬ್ಬರೇ ಇದ್ದು, ಒಬ್ಬರು ನಾದಿ ಲಟ್ಟಿಸಿ, ಇನ್ನೊಬ್ಬರು ಬೇಯಿಸಿದರೂ ಅದೇ ೨೪ ನಿಮಿಷ! ಮೂರನೆಯವರು ಸುಮ್ಮನೆ ಸೊಂಟದ ಮೇಲೆ ಕೈಯಿಟ್ಟು ನಿಂತಂತಾಯಿತು. ಇನ್ನೊಂದು ಹಂಚು ತಂದು ನಾಲ್ವರು ನಿಂತರೆ ಮಾತ್ರ ೧೨ ನಿಮಿಷಕ್ಕೊಂದು ಡಜನು. ಮೊದಲ ಡಜನ್ನಿಗೆ ಹಂಚಿನವರು ಕಾಯಬೇಕು, ನಿಜ. ಆಮೇಲೆ ಅವರು ಮೊದಲ ಡಜನ್ನು ಬೇಯಿಸುವಾಗ ಇವರು ಎರಡನೆಯದನ್ನು ಸಿದ್ಧಪಡಿಸುತ್ತಿರುತ್ತಾರೆ.

ಇಲ್ಲಿ ನಾವು ಮಾಡಿದ ಲೆಕ್ಕವನ್ನೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಡ್ವರ್ಡ್ ಲೀ ಮತ್ತು ಡೇವಿಡ್ ಮೆಸರ್‌ಸ್ಮಿಟ್ ಎಂಬವರು ೧೯೮೭ರಲ್ಲಿ ಗಣಕಶಾಸ್ತ್ರಕ್ಕೆ ಅಳವಡಿಸಿ ತೋರಿಸಿದರು. ಪ್ರತಿ ಚೌಕವೂ ಎಷ್ಟು ತೆಗೆದುಕೊಂಡು ಎಷ್ಟು ಕೊಡುತ್ತದೆಂಬುದು ನಕ್ಷೆಯಲ್ಲಿ ಬರೆದಿದ್ದರೆ ಸಾಕು. ಯಾವ ಕೆಲಸ ಎಷ್ಟು ಸಲ, ಯಾವ ಕೋರಿನಲ್ಲಿ, ಯಾವಾಗ, ಎಷ್ಟು ಜ್ಞಾಪಕಸ್ಥಳ ಬೇಕು ಎಂಬುದನ್ನು ಸಾಧನವೇ ಮುಂಚಿತವಾಗಿ ಲೆಕ್ಕ ಹಾಕುತ್ತದೆ. ನಮ್ಮ ಸುತ್ತಿನ ರೈತರಿಗೆ ಕಾಲುವೆಯ ‘ಶೇಜಪಾಳಿ’ ಗೊತ್ತೇ ಇದೆ. ಯಾವ ಹೊಲಕ್ಕೆ ಯಾವಾಗ ನೀರೆಂಬುದು ಮುಂಚೆಯೇ ಗೊತ್ತಾಗಿದ್ದರೆ ಬದುವಿನ ಮೇಲೆ ಜಗಳವಿಲ್ಲ. ಕೋರುಗಳ ನಡುವೆಯೂ ಹಾಗೆಯೇ.

ಸೌಟು ಹಿಡಿದ ಹುಡುಗ

ಪಾಳಿ ಗೊತ್ತಿಲ್ಲದೆ ಹಲವರು ಏಕಕಾಲಕ್ಕೆ ದುಡಿದರೆ ಏನಾದೀತೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ೧೯೯೭ರ ಜುಲೈ ೪ರಂದು ಅಮೆರಿಕದ ‘ಪಾತ್‌ಫೈಂಡರ್’ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಇಳಿದು ಕೆಲವು ದಿನಗಳಲ್ಲಿ ಅದರ ಗಣಕವು ಮತ್ತೆ ಮತ್ತೆ ತಾನಾಗಿಯೇ ನಿಂತು ಮೊದಲಿನಿಂದ ಆರಂಭಿಸತೊಡಗಿತು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟೆ.

ಮದುವೆಯ ಅಡುಗೆಮನೆಯನ್ನು ಊಹಿಸಿರಿ. ಇರುವುದೊಂದೇ ಸೌಟು, ಅದು ಚಿಕ್ಕ ಹುಡುಗನ ಕೈಯಲ್ಲಿದೆ. ಮುಖ್ಯ ಭಟ್ಟರು ಸೌಟಿಗಾಗಿ ಕಾಯುತ್ತಿದ್ದಾರೆ. ಅಷ್ಟರಲ್ಲಿ ನಡುವಣ ದರ್ಜೆಯವರೊಬ್ಬರು ಬಂದು ಹುಡುಗನ ಕೆಲಸವನ್ನು ತಡೆದು ತಮ್ಮ ಕೆಲಸ ಶುರುಮಾಡಿದರು. ಹುಡುಗ ಸೌಟು ಬಿಡಲಾರ, ಭಟ್ಟರು ಮುಂದುವರಿಯಲಾರರು. ಪಂಕ್ತಿ ಕಾದೇ ಕೂತಿತು. ಮಂಗಳದ ಮೇಲೆ ನಡೆದದ್ದೂ ಇದೇ. ಹವೆಯ ಮಾಹಿತಿ ಕೂಡಿಸುವ ಚಿಕ್ಕ ಕೆಲಸದ ಕೈಯಲ್ಲಿ ಸೌಟು, ಮಾಹಿತಿ ಸಾಗಿಸುವ ಮುಖ್ಯ ಕೆಲಸಕ್ಕೆ ಕಾಯುವಿಕೆ, ನಡುವೆ ಸಂಪರ್ಕದ ಕೆಲಸ. ಮುಖ್ಯ ಕೆಲಸ ಹೊತ್ತಿಗೆ ಮುಗಿಯಲಿಲ್ಲವೆಂದು ಕಾವಲು ಗಡಿಯಾರ ಗಣಕವನ್ನೇ ಮತ್ತೆ ಆರಂಭಿಸುತ್ತಿತ್ತು. ಸೌಟು ಹಿಡಿದಿರುವಷ್ಟು ಹೊತ್ತು ಹುಡುಗನಿಗೂ ಭಟ್ಟರ ಮರ್ಯಾದೆಯೇ ಸಲ್ಲಬೇಕು ಎಂಬ ನಿಯಮವನ್ನು ಭೂಮಿಯಿಂದಲೇ ಕಳಿಸಿ ಅದನ್ನು ಸರಿಪಡಿಸಿದರು.

ಇಂಥ ತಪ್ಪು ಯಾವ ಒಂದು ಸಾಲಿನಲ್ಲಿಯೂ ಕಾಣುವುದಿಲ್ಲ. ಪ್ರತಿಯೊಬ್ಬರ ಕೆಲಸವೂ ಬೇರೆ ಬೇರೆಯಾಗಿ ನೋಡಿದರೆ ನಿರ್ದುಷ್ಟ. ಕೂಡಿದಾಗ, ಅದೂ ಯಾವಾಗಲೋ ಒಮ್ಮೆ, ಎಡವಟ್ಟು. ಮನುಷ್ಯರು ಕೈಯಿಂದ ಬರೆದ ಸಮಾಂತರ ಪ್ರೋಗ್ರಾಮುಗಳ ದೊಡ್ಡ ಶತ್ರು ಇದು. ಯಾರು ಯಾರಿಗೆ ಕಾಯಬೇಕೆಂಬುದನ್ನು ನಕ್ಷೆಯಲ್ಲಿಯೇ ಬಾಣ ಹಾಕಿ ತೋರಿಸಿ, ಪಾಳಿಯನ್ನು ಸಾಧನವೇ ಗೊತ್ತುಪಡಿಸಿದರೆ, ಇಂಥ ಎಡವಟ್ಟಿಗೆ ಎಡೆ ಬಹಳ ಕಡಿಮೆಯಾಗುತ್ತದೆ. ಮಾದರಿಯಿಂದ ಆಜ್ಞೆ ಬರೆಸುವುದರ ನಿಜವಾದ ಲಾಭ ಇಲ್ಲಿದೆ. ಬೆರಳಿನ ಶ್ರಮ ಉಳಿಯುವುದು ಅದರ ಮುಂದೆ ಸಣ್ಣದು.

ಪುಣೆ, ಬೆಂಗಳೂರುಗಳ ಪಾಲು

ಈ ವಿದ್ಯೆಯಲ್ಲಿ ನಮ್ಮ ಎರಡೂ ನಾಡುಗಳ, ಬಿಟ್ಟು ಬಂದ ನಾಡಿನ ಮತ್ತು ಬಂದು ಸೇರಿದ ನಾಡಿನ, ಪಾಲು ಚಿಕ್ಕದಲ್ಲ. ಹಲವು ಮಿದುಳುಗಳನ್ನು ಒಟ್ಟಿಗೆ ದುಡಿಸುವ ಭಾರತದ ಮೊದಲ ಗಣಕವೆನಿಸಿದ ‘ಫ್ಲೋಸಾಲ್ವರ್’ ೧೯೮೬ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕುವುದು ಅದರ ಕೆಲಸ. ೧೯೮೮ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ೧೯೯೧ರಲ್ಲಿ ಅಲ್ಲಿ ‘ಪರಮ್ ೮೦೦೦’ ಸಿದ್ಧವಾಯಿತು. ಹೊರದೇಶದ ಮಹಾಗಣಕ ನಮಗೆ ಸಿಗದಿದ್ದಾಗ ನಾವೇ ಕಟ್ಟಿಕೊಂಡದ್ದು ಅದು.

ಪರಮ್ ಯಂತ್ರದಲ್ಲಿದ್ದುದು ಇಂಗ್ಲೆಂಡಿನ ‘ಟ್ರಾನ್ಸ್‌ಪ್ಯೂಟರ್’ ಎಂಬ ಚಿಪ್ಪುಗಳು. ಅವುಗಳಿಗಾಗಿಯೇ ರೂಪಿಸಿದ ‘ಆಕ್ಯಮ್’ ಭಾಷೆಯಲ್ಲಿ, ಈ ಕೆಲಸಗಳು ಒಂದಾದ ಮೇಲೊಂದು, ಈ ಕೆಲಸಗಳು ಒಟ್ಟಿಗೇ, ಎಂದು ಪ್ರೋಗ್ರಾಂಕಾರನೇ ಬಾಯಿಬಿಟ್ಟು ಹೇಳಬೇಕಾಗಿತ್ತು. ಹಂಚಿಕೆಯ ಭಾರವೆಲ್ಲ ಮನುಷ್ಯನ ತಲೆಯ ಮೇಲೆಯೇ.

ಆ ಭಾರವನ್ನು ಇಳಿಸುವ ಪ್ರಯತ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಹಿರಿಯರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಆ ಸಂಸ್ಥೆಯಲ್ಲಿ, ನಡೆದಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ‘ಸ್ಟ್ರೀಮಿಟ್’ ಎಂಬ ಭಾಷೆಯಲ್ಲಿ ಹೋಳಿಗೆಯ ನಕ್ಷೆಯಂಥ ನಕ್ಷೆಯನ್ನೇ ಬರೆಯುತ್ತಾರೆ. ಅದನ್ನು ನೂರಾರು ಪುಟ್ಟ ಮಿದುಳುಗಳಿರುವ ಚಿತ್ರಸಂಸ್ಕರಣದ ಚಿಪ್ಪಿಗೆ ಹಂಚಿಕೊಡುವ ವಿಧಾನವನ್ನು ಪ್ರೊ. ಆರ್. ಗೋವಿಂದರಾಜನ್ ಮತ್ತು ಸಂಗಡಿಗರು ೨೦೦೯ರಲ್ಲಿ ಪ್ರಕಟಿಸಿದರು. ಒಂದು ಡಜನ್ನು ಬೇಯುವಾಗ ಮುಂದಿನದನ್ನು ಲಟ್ಟಿಸುವ ಉಪಾಯವೇ ಅದರ ಜೀವಾಳ. ೨೦೧೫ರಲ್ಲಿ ಅದೇ ಸಂಸ್ಥೆಯ ಪ್ರೊ. ಉದಯ ಬೊಂಧುಗುಲ ಅವರ ತಂಡ ‘ಪಾಲಿಮೇಜ್’ ಎಂಬುದನ್ನು ಲೋಕದ ಮುಂದಿಟ್ಟಿತು. ಛಾಯಾಚಿತ್ರವನ್ನು ತಿದ್ದುವ ಹಂತಗಳನ್ನು ಚಿಕ್ಕದಾಗಿ ಬರೆದುಕೊಟ್ಟರೆ, ಹಲವು ಕೋರುಗಳಿಗೆ ಹೊಂದುವ ಆಜ್ಞೆಗಳನ್ನು ಅದು ತಾನೇ ರಚಿಸುತ್ತದೆ. ನುರಿತವರು ಕೈಯಿಂದ ತಿದ್ದಿ ತೀಡಿದ ಪ್ರೋಗ್ರಾಮುಗಳೊಡನೆ ಸರಿಗಟ್ಟಬಲ್ಲ ವೇಗ ಅದಕ್ಕೆ ಸಾಧ್ಯವಾಯಿತು. ಕನ್ನಡ ನಾಡಿನ ನೆಲದಲ್ಲಿ ನಡೆದ ಈ ಕೆಲಸವನ್ನು ನಮ್ಮ ಮಕ್ಕಳು ತಿಳಿದಿರಬೇಕೆಂದು ನಮ್ಮ ಆಸೆ.

ನಕ್ಷೆಯೇ ತಪ್ಪಿದರೆ?

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಆಡಬೇಕು. ೧೯೯೬ರ ಜೂನ್ ೪ರಂದು ಯುರೋಪಿನ ‘ಏರಿಯಾನ್ ೫’ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ, ಮೇಲೆದ್ದು ಒಂದು ನಿಮಿಷವೂ ಆಗದೆ ಸಿಡಿದುಹೋಯಿತು. ಹಿಂದಿನ ‘ಏರಿಯಾನ್ ೪’ರಲ್ಲಿ ಚೆನ್ನಾಗಿ ನಡೆದಿದ್ದ ಪ್ರೋಗ್ರಾಮನ್ನೇ ಇದರಲ್ಲಿಯೂ ಇಟ್ಟಿದ್ದರು. ಹೊಸ ರಾಕೆಟ್ಟಿನ ವೇಗ ಹೆಚ್ಚು. ಆ ವೇಗದ ಸಂಖ್ಯೆ ಅದಕ್ಕೆಂದು ಗೊತ್ತುಪಡಿಸಿದ ಪುಟ್ಟ ಖಾನೆಯಲ್ಲಿ ಹಿಡಿಸಲಿಲ್ಲ. ಪಾವಿನ ಪಾತ್ರೆಗೆ ಸೇರು ಸುರಿದಂತಾಯಿತು. ಬದಲಿಗೆಂದು ಇಟ್ಟಿದ್ದ ಎರಡನೆಯ ಗಣಕದಲ್ಲಿಯೂ ಅದೇ ಪ್ರೋಗ್ರಾಂ. ಅದೂ ಹಾಗೆಯೇ ಕೈಕೊಟ್ಟಿತು.

ಇಲ್ಲಿ ಗಣಕ ಹೇಳಿದ್ದನ್ನೇ ಮಾಡಿತು. ತಪ್ಪಿದ್ದು, ವೇಗ ಇಷ್ಟರೊಳಗೇ ಇರುತ್ತದೆಂಬ ಹಳೆಯ ನಂಬಿಕೆ. ಕೋಡ್ ಜನರೇಟರಿನ ಸ್ವಭಾವವೂ ಇದೇ. ಅದು ಬಲು ವಿಧೇಯ ಗುಮಾಸ್ತ. ಸರಿಯಾದ ನಕ್ಷೆಯನ್ನು ತಪ್ಪಿಲ್ಲದೆ ನಕಲು ಮಾಡುತ್ತದೆ. ತಪ್ಪಿದ ನಕ್ಷೆಯನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಒದ್ದೆ ರಸ್ತೆಯನ್ನು ನಕ್ಷೆಗಾರ ಮರೆತರೆ ಯಂತ್ರಕ್ಕೆ ಅದು ನೆನಪಾಗುವುದಿಲ್ಲ. ಮಳೆಗಾಲದಲ್ಲಿ ಭಿಗವಣದ ರಸ್ತೆಯಲ್ಲಿ ಬ್ರೇಕು ಒತ್ತುವವರು ನಮ್ಮ ಮನೆಯವರೇ ಎಂಬುದನ್ನು ಮರೆಯಬಾರದು.

ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಯ ಯಂತ್ರಗಳೂ ಪ್ರೋಗ್ರಾಂ ಬರೆಯತೊಡಗಿವೆ. ಎರಡನ್ನೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಕೋಡ್ ಜನರೇಟರು ಗೊತ್ತಾದ ನಿಯಮಗಳಿಂದ ನಡೆಯುತ್ತದೆ. ಒಂದೇ ನಕ್ಷೆಯನ್ನು ಎಷ್ಟು ಸಲ ಕೊಟ್ಟರೂ ಒಂದೇ ಉತ್ತರ. ಯಾವ ಚೌಕದಿಂದ ಯಾವ ಸಾಲು ಬಂದಿತೆಂದು ಬೆರಳಿಟ್ಟು ತೋರಿಸಬಹುದು. ಕೃತಕ ಬುದ್ಧಿಯು ಓದಿದ್ದನ್ನು ನೆನೆದು ಬರೆಯುವ ಚುರುಕು ಹುಡುಗನಂತೆ. ಅವನ ಬರಹವನ್ನು ಪರೀಕ್ಷಿಸದೆ ಬ್ರೇಕಿನೊಳಗೆ ಹಾಕಲಾಗದು.

ತಂದೆತಾಯಿಗಳಿಗೊಂದು ಮಾತು

“ಯಂತ್ರವೇ ಬರೆಯುವುದಾದರೆ ನಮ್ಮ ಮಕ್ಕಳ ಗತಿಯೇನು? ಸಾಲ ಮಾಡಿ ಓದಿಸಿದ್ದೇವೆ” ಎಂದು ಅನೇಕ ತಂದೆತಾಯಿಗಳು ಚಿಂತಿಸುವುದುಂಟು. ಊರು ಬಿಟ್ಟು ಬಂದವರಿಗೆ ಈ ಚಿಂತೆ ಸಹಜ. ಮಕ್ಕಳ ವಿದ್ಯೆಯೇ ನಮ್ಮ ಹೊಲ, ಅದೇ ನಮ್ಮ ಮನೆ. ಹೇಳಿದ್ದನ್ನು ಹೇಳಿದಂತೆ ಬರೆದುಕೊಡುವುದಷ್ಟೇ ಕಲಿತವರಿಗೆ ಮುಂದಿನ ದಿನಗಳು ಸುಲಭವಲ್ಲ. ಇದನ್ನು ಮುಚ್ಚಿಟ್ಟು ಫಲವಿಲ್ಲ. ಆದರೆ ನಕ್ಷೆ ಬರೆಯುವ ಕೆಲಸ ಮನುಷ್ಯನಿಗೇ ಉಳಿದಿದೆ, ಮತ್ತು ಅದಕ್ಕೆ ಬೇಕಾದ ವಿದ್ಯೆ ಬೇರೆ. ಬ್ರೇಕು ಬಲ್ಲವನು ಬೇಕು, ಗಣಿತ ಬಲ್ಲವನು ಬೇಕು. ಯಾವ ಕೆಲಸ ಯಾವುದಕ್ಕೆ ಕಾಯಬೇಕು, ಎಷ್ಟು ಹೊತ್ತು ಕಾಯಬಹುದು, ಏನು ಕೆಟ್ಟರೆ ಏನು ಮಾಡಬೇಕು ಎಂದು ಮುಂಚೆಯೇ ಯೋಚಿಸಬಲ್ಲವನು ಬೇಕು. ಎಲ್ಲಕ್ಕೂ ಮಿಗಿಲಾಗಿ, ತನಗೆ ಬೇಕಾದುದನ್ನು ಎರಡರ್ಥವಿಲ್ಲದೆ ಹೇಳಬಲ್ಲವನು ಬೇಕು.

ಇದನ್ನು ಕಲಿಸಲು ಕಾಲೇಜಿಗಾಗಿ ಕಾಯಬೇಕಾದುದಿಲ್ಲ. ಮನೆಯ ಹಬ್ಬದ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟು, ಯಾರು ಏನು, ಯಾವುದಾದ ಮೇಲೆ ಯಾವುದು, ಎಷ್ಟು ಹೊತ್ತು ಎಂದು ಕಾಗದದ ಮೇಲೆ ಬರೆಸಿ ನೋಡಿರಿ. ಹಾಗೆಯೇ ಅವರು ಓದಿದ್ದನ್ನು ಅಜ್ಜಿಗೆ ತಿಳಿಯುವಂತೆ ಮನೆಮಾತಿನಲ್ಲಿ ಹೇಳಿಸಿರಿ. ತಾಯ್ನುಡಿಯಲ್ಲಿ ಬಿಡಿಸಿ ಹೇಳಲಾರದ ವಿಷಯ ಇನ್ನೂ ತಲೆಯಲ್ಲಿ ತಿಳಿಯಾಗಿಲ್ಲವೆಂದೇ ತಿಳಿಯಬೇಕು. ಯಂತ್ರವು ನಮ್ಮ ಪರವಾಗಿ ಸಾವಿರ ಸಾಲು ಬರೆದೀತು. ಏನು ಬೇಕೆಂಬ ಮೊದಲ ಸಾಲನ್ನು ಮಾತ್ರ ಅದು ಬರೆಯಲಾರದು. ಆ ಸಾಲನ್ನು ನೇರವಾಗಿ, ನಿಚ್ಚಳವಾಗಿ ಬರೆಯುವ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಲಿ.